ಮದ್ದಿಗೊಂದು ಅಳತಿ

ನಮ್ಮ ಮಾತಿನಾಗ ಮದ್ದು ಅಂದ್ರ ಎರಡು ಅರ್ಥ. ಜ್ವರ ಬಂದ ಕೂಸಿಗೆ ಕುಡಿಸೋದೂ ಮದ್ದು, ತುಪಾಕಿಗೆ ತುಂಬೋದೂ ಮದ್ದು. ಒಂದು ಜೀವ ಉಳಿಸಾಕ, ಒಂದು ಜೀವ ತೆಗೆಯಾಕ. ಪ್ಯಾಟಿ ಹುಡುಗರಿಗೆ ಇದು ನಗು ಬರೋ ಸಂಗತಿ. ಆದ್ರ ನಮ್ಮ ಮನ್ಯಾಗ ಈ ಎರಡೂ ಮದ್ದಿಗೆ ಒಂದ ಮಾತು ಹೇಳ್ತಿದ್ರು: ಅಳತಿ ತಪ್ಪಿದ್ರ ಕೊಟ್ಟವನಿಗೇ ತಿರುಗಿ ಬರ್ತೈತಿ. ಅಜ್ಜಿ ಅಜವಾನದ ಕಷಾಯ ಕಾಸುವಾಗ ಹೇಳಿದ್ದೂ ಇದ, ಅಜ್ಜ ತುಪಾಕಿಗೆ ಬಾರು ಮಾಡುವಾಗ ಹೇಳಿದ್ದೂ ಇದ. ಅತಿಯಾದರೆ ಅಮೃತವೂ ವಿಷ ಅಂತಾರಲ್ಲ, ಮೊದಲೇ ವಿಷ ಇದ್ದದ್ದು ಅತಿಯಾದ್ರ ಏನು ಗತಿ?

ಈ ಸಲ ಆ ಎರಡನೇ ಮದ್ದಿನ ಕತಿ ಬರಿಯೋಣ ಅಂತ ಕುಂತೀನಿ. ಬಾಯಿಕಡೆಯಿಂದ ಮದ್ದು ಗುಂಡು ತುಂಬೋ ಹಳೇ ತುಪಾಕಿಗೆ ಎಷ್ಟು ಮದ್ದು ಹಾಕಬೇಕು, ಎಂಥ ಗುಂಡು ಹಾಕಬೇಕು ಅನ್ನೋ ಲೆಕ್ಕ ನಮ್ಮ ಸೀಮಿಗೆ ಹೆಂಗ ಬಂತು, ಹೆಂಗ ಹೋತು ಅನ್ನೋದು. ತುಪಾಕಿ ಹೋಗಿದ್ದಕ್ಕ ನನಗ ದುಃಖ ಇಲ್ಲ. ಅದರ ಸಂಗಟ ಅಳತಿ ಹೋತಲ್ಲ, ಅದರ ಫಲ ಇವತ್ತು ಹೊಲದ ಬದುವಿನ್ಯಾಗ ಕಾಣ್ತೈತಿ. ಅದಕ್ಕ ಬರೀತೀನಿ.

ನಮ್ಮೂರು ಗಾದಿಗನೂರು. ಹೊಸಪೇಟೆಯಿಂದ ಬಳ್ಳಾರಿ ಕಡೆ ರೈಲಿನಾಗ ಹೊಂಟ್ರ ತೋರಣಗಲ್ಲಿಗಿಂತ ಮುಂಚೆ ಬರ್ತೈತಿ. ಒಂದು ಕಡೆ ಸಂಡೂರಿನ ಗುಡ್ಡ, ಇನ್ನೊಂದು ಕಡೆ ದರೋಜಿ ಮಟ ಹಬ್ಬಿದ ಬಂಡಿಗಲ್ಲಿನ ಗುಡ್ಡ. ಗುಡ್ಡ ಇದ್ದಲ್ಲಿ ಹಂದಿ, ಕರಡಿ, ಚಿರತಿ. ಗುಡ್ಡದ ಬುಡಕ್ಕ ನಮ್ಮ ಹೊಲ. ಶೇಂಗಾ ಕಾಯಿ ಕಟ್ಟೋ ಹೊತ್ತಿಗೆ, ಜ್ವಾಳ ಹಾಲು ತುಂಬೋ ಹೊತ್ತಿಗೆ, ಮಂಚಿಕಿ ಮ್ಯಾಲೆ ರಾತ್ರಿ ಕಾಯೋರಿಗೆ ಕವಣಿ, ಡಬ್ಬಿ, ದೊಂದಿ, ಇವು ಆಯುಧ. ನಾಕಾರು ಮನ್ಯಾಗ ಒಂದೊಂದು ತುಪಾಕಿ. ನಮ್ಮ ಮನ್ಯಾಗಿದ್ದದ್ದು ಒಂಟಿ ನಳಿಗಿದು. ಲೈಸೆನ್ಸ್ ಪುಸ್ತಕದಾಗ ಅದರ ಹೆಸರು ಎಸ್‌ಬಿಎಂಎಲ್. ಮನ್ಯಾಗ ಅದಕ್ಕ ಕೇಪಿನ ತುಪಾಕಿ ಅಂತಿದ್ರು.

ಅದನ್ನ ತುಂಬೋ ಪರಿ ಹೇಳ್ತೀನಿ. ಮೊದಲು ಮದ್ದು, ಆಮ್ಯಾಲೆ ಅದರ ಮ್ಯಾಲೆ ತೆಂಗಿನ ನಾರು ಇಲ್ಲಾ ಹಳೇ ಬಟ್ಟಿ, ಆಮ್ಯಾಲೆ ಗುಂಡು ಇಲ್ಲಾ ಚರೆ, ಕಡೀಕ ಮತ್ತೊಂದು ತುಣುಕು ನಾರು, ಚರೆ ಉರುಳಿ ಹೊರಗ ಬೀಳಬಾರದಂತ. ಎಲ್ಲಾನೂ ನಳಿಗಿ ಬಾಯಿಂದನ ಒಳಗ ಹೋಗಬೇಕು. ನೂಕೋ ಕಡ್ಡಿಗೆ ಗಜ ಅಂತಾರ. ಹಿಂದುಗಡೆ ಒಂದು ಸಣ್ಣ ಮೊಲೆಯಂಥಾದ್ದರ ಮ್ಯಾಲೆ ತಾಮ್ರದ ಕೇಪು ಕೂಡಿಸಿ ಕುದುರಿ ಎಳೆದಿಟ್ರ ತಯಾರು. ಕುದುರಿ ಅಂದ್ರ ಕೇಪಿನ ಮ್ಯಾಲೆ ಬಡಿಯೋ ಸುತ್ತಿಗಿ. ಇಷ್ಟೆಲ್ಲಾ ಸೇರಿ ಒಂದು ಬಾರು. ಆ ಒಂದು ಬಾರಿಗೆ ಒಂದ ಈಡು. ಗುರಿ ತಪ್ಪಿದ್ರ ಮತ್ತ ತುಂಬೋತನ ಹಂದಿ ನಿಂತಿರಂಗಿಲ್ಲ, ಗಾಯಾದ ಹಂದಿ ಆದ್ರ ನಿಮ್ಮ ಕಡೀಗೇ ಬರ್ತೈತಿ. ಹಂಗಾಗಿ ಇಡೀ ವಿದ್ಯೆ ತುಂಬೋ ಮುಂಚೆ ಮುಗಿದಿರಬೇಕು. ಏನು ಹೊಡಿಯಾಕ ಹೊಂಟೀವಿ, ಎಷ್ಟು ದೂರದಿಂದ, ಯಾವ ಗುಂಡಿನಾಗ, ಎಷ್ಟು ಮದ್ದಿನಾಗ.

ಗುಂಡೋ ಚರೆಯೋ ಅನ್ನೋದು ಮೊದಲ ಪ್ರಶ್ನೆ. ಚರೆ ಅಂದ್ರ ಸೀಸದ ಸಣ್ಣ ಕಾಳು. ಮೊಲ, ಪುರ್ಲೆ ಹಕ್ಕಿಗೆ ಅದು. ಹೊರಗ ಬಿದ್ದ ಕೂಡ್ಲೆ ಬೀಸಿದ ಬಲಿ ಹಂಗ ಹರಡ್ತಾವ, ಹತ್ರ ಇದ್ರ ಒಂದೋ ಎರಡೋ ತಾಕತಾವ. ಅದನ್ನ ಹಂದಿಗೆ ಹೊಡೆದ್ರ ಚರ್ಮದ ಕೆಳಗ ಕೊಬ್ಬಿನಾಗ ಸಿಕ್ಕೊಂತಾವ. ಪ್ರಾಣಿ ಸಾಯೋದೂ ಇಲ್ಲ, ಬದುಕೋದೂ ಇಲ್ಲ, ವಾರಗಟ್ಟಲೆ ಕೊಳೀತೈತಿ. ದೊಡ್ಡ ಮಿಕಕ್ಕ ಒಂದ ಒಂದು ದುಂಡನೆ ಸೀಸದ ಗುಂಡು. ಸೀಸಾನೇ ಯಾಕ ಅಂದ್ರ, ಕಬ್ಬಿಣಕ್ಕಿಂತ ಅದು ಒಂದೂವರಿ ಪಟ್ಟು ತೂಕ, ಹಂಗಾಗಿ ಅಷ್ಟ ಗಾತ್ರದಾಗ ಹೆಚ್ಚು ದೂರ ಸೊಕ್ಕು ಉಳಿಸಿಕೊಂತೈತಿ. ಮೆತ್ತಗ ಇರೋದ್ರಿಂದ ನಳಿಗಿ ಒಳಗಿನ ಮೈ ಕೆರೆಯಂಗಿಲ್ಲ. 327 ಡಿಗ್ರಿಗೆ ಕರಗ್ತೈತಿ, ಅಂದ್ರ ಒಲಿ ಕೆಂಡ ಊದಿದ್ರ ಸಾಕು. ಆದ್ರ ಆ ಹೊಗಿ ಮೈಗೆ ಕೆಟ್ಟದ್ದು. ನಮ್ಮ ಅಜ್ಜಿ ಸೀಸ ಕಾಸೋದನ್ನ ಅಡಿಗಿ ಒಲಿ ಹತ್ರ ಬಿಟ್ಟಾಕೆ ಅಲ್ಲ. ದನದ ಕೊಟಿಗಿ ಆಚೆ ಬಯಲಾಗ ಬ್ಯಾರೆ ಮೂರು ಕಲ್ಲು ಇಟ್ಟಿದ್ರು. ಸೀಸದ ಸೌಟು ಮನಿಯೊಳಗ ಬರೋ ಹಂಗಿರಲಿಲ್ಲ.

ಗುಂಡಿನ ಗಾತ್ರ ಹೇಳೋ ಲೆಕ್ಕಾನೂ ಚಂದ ಐತಿ. ಹನ್ನೆರಡು ನಂಬರ್ ತುಪಾಕಿ, ಹದಿನಾರು ನಂಬರ್ ತುಪಾಕಿ ಅಂತೀವಲ್ಲ, ಆ ನಂಬರ್ ನಳಿಗಿ ಅಗಲದ್ದಲ್ಲ. ಒಂದು ಪೌಂಡ್ ಸೀಸದಾಗ ಆ ನಳಿಗಿಗೆ ಕೂಡೋ ಗುಂಡು ಎಷ್ಟು ಆಗ್ತಾವ ಅನ್ನೋದು ಅದು. ಹನ್ನೆರಡು ಆದ್ರ ಹನ್ನೆರಡು ನಂಬರ್, ಒಂದೊಂದು ಗುಂಡು ಸುಮಾರು 38 ಗ್ರಾಂ, ಹಳೇ ಲೆಕ್ಕದಾಗ ಮೂರೂಕಾಲು ತೊಲ. ಹದಿನಾರು ನಂಬರ್ ಆದ್ರ 28 ಗ್ರಾಂ. ಹಂಗಾಗಿ ನಂಬರ್ ದೊಡ್ಡದಾದಷ್ಟೂ ಗುಂಡು ಸಣ್ಣದು. ರೊಟ್ಟಿ ಹಿಟ್ಟಿನ ಲೆಕ್ಕ ಇದ್ದಂಗ. ಒಂದು ಸೇರು ಹಿಟ್ಟಿನಾಗ ಹತ್ತು ರೊಟ್ಟಿ ಮಾಡೋ ಮನಿ ಬ್ಯಾರೆ, ಹದಿನಾರು ಮಾಡೋ ಮನಿ ಬ್ಯಾರೆ.

ಗುಂಡು ನಳಿಗಿಗಿಂತ ಒಂದು ನೂಲು ಸಣ್ಣದಿರಬೇಕು. ಸರಿಸಮ ಇದ್ರ ಎರಡನೇ ಬಾರಿಗೆ ಒಳಗ ಹೋಗಂಗಿಲ್ಲ, ಯಾಕಂದ್ರ ಕರಿಮದ್ದು ಸುಟ್ಟ ಮ್ಯಾಲೆ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಹೊಗಿ ಮಸಿಯಾಗಿ ಉಳೀತೈತಿ. ಸುಟ್ಟದ್ದೆಲ್ಲಾ ಗಾಳಿ ಆಗಂಗಿಲ್ಲ. ಬಾಳ ಸಣ್ಣದಿದ್ರೂ ತಪ್ಪು, ಗುಂಡು ಒಳಗ ಆ ಗ್ವಾಡಿಗೆ ಈ ಗ್ವಾಡಿಗೆ ಬಡಕೊಂತ ಬಂದು ಕಡೀಕ ಯಾವ ಕಡಿ ಬಡೀತೋ ಅದರ ಎದುರು ದಿಕ್ಕಿಗೆ ಹೋಗ್ತೈತಿ. ಈ ನಡುವಿನ ಸಂದು ತುಂಬಾಕ ಎಣ್ಣಿ ಹಚ್ಚಿದ ತೆಳ್ಳನ ಬಟ್ಟಿ ಸುತ್ತಿ ಗುಂಡು ಇಳಸೋದು. ಬಟ್ಟಿ ಸಂದು ಮುಚ್ಚತೈತಿ, ಎಣ್ಣಿ ಮಸಿ ಮೆತ್ತಗ ಮಾಡ್ತೈತಿ. ಅಜ್ಜಗ ಇದಕ್ಕ ಹಳೇ ಧೋತರದ ಅಂಚೇ ಆಗಬೇಕು. ಹೊಸ ಬಟ್ಟಿಗೆ ಗಂಜಿ ಇರ್ತೈತಿ, ಜಾರಂಗಿಲ್ಲ ಅಂತಿದ್ದ.

ಇನ್ನ ಮದ್ದು. ಊರಾಗ ಬಾಳ ಮಂದಿ ಬೆರಳಿನ ಲೆಕ್ಕದಾಗ ತುಂಬ್ತಿದ್ರು. ಗಜಾನ ನಳಿಗಿ ಒಳಗ ಪೂರ್ತಿ ಇಳಿಸಿದಾಗ ಬಾಯಿ ಹೊರಗ ಎಷ್ಟು ಬೆರಳು ಉಳೀತೈತಿ ಅನ್ನೋದು ಬಾರಿನ ಅಳತಿ. ಮೊಲಕ್ಕ ಇಷ್ಟು ಬೆರಳು, ಹಂದಿಗೆ ಅಷ್ಟು ಬೆರಳು. ಇದರಾಗ ಕಷ್ಟ ಏನಂದ್ರ, ಬೆರಳು ಒಬ್ಬೊಬ್ಬರದು ಒಂದೊಂದು ದಪ್ಪ, ನಾರು ಎಷ್ಟು ಗಟ್ಟಿ ಬಡೀತೀವಿ ಅನ್ನೋದರ ಮ್ಯಾಲೂ ಲೆಕ್ಕ ಬದಲಾಗ್ತೈತಿ. ಅಜ್ಜ ಇಟ್ಟಿದ್ದು ಹಿತ್ತಾಳಿದೊಂದು ಸಣ್ಣ ಕೊಳವಿ, ಹೆಬ್ಬೆರಳಿನಷ್ಟ ಉದ್ದ. ಅದನ್ನ ಕೊರೆದು ತುಂಬಿ, ಅಂಚು ಸಮ ಮಾಡಿ ಸುರುವೋದು. ಕರಿಮದ್ದನ್ನ ತಕ್ಕಡಿಗಿಂತ ಇಂಥಾ ಕೊಳವಿಲಿಂದ ಅಳೆಯೋದ ಎಲ್ಲಾ ದೇಶದಾಗೂ ಇದ್ದ ರೂಢಿ.

ಹನ್ನೆರಡು ನಂಬರಿನ ತುಪಾಕಿಗೆ ಇಂಗ್ಲಿಷಿನೋರ ಹಳೇ ಲೆಕ್ಕ ಮೂರು ಡ್ರಾಂ ಮದ್ದು, ಅಂದ್ರ 5.3 ಗ್ರಾಂ. ಅರ್ಧ ತೊಲಕ್ಕಿಂತ ತುಸು ಕಮ್ಮಿ. ಅದಕ್ಕ ಜೋಡಿ 32 ಗ್ರಾಂ ಚರೆ. ಮಜಾ ಏನಂದ್ರ ಇಷ್ಟು ಮದ್ದು, ಇಷ್ಟು ಚರೆ ಎರಡೂ ಹೆಚ್ಚುಕಮ್ಮಿ ಒಂದ ಕೊಳವಿಯಷ್ಟು ಆಗ್ತಾವ. ಸೀಸ ಮದ್ದಿಗಿಂತ ಐದಾರು ಪಟ್ಟು ತೂಕ, ಆದ್ರ ಜಾಗ ಒಂದ. ಹಂಗಾಗಿ ಚರೆ ಹೊಡೆಯೋನಿಗೆ ಒಂದ ಕೊಳವಿ ಸಾಕು, ಒಂದು ಕೊಳವಿ ಮದ್ದು, ಅದ ಕೊಳವಿ ಚರೆ. ಮದ್ದು ಹೆಚ್ಚಾದ್ರ ಚರೆ ನಡುವೆ ಬಯಲು ಬಿಟ್ಟು ಬಳಿ ಬಳಿಯಾಗಿ ಹರಡ್ತೈತಿ. ಚರೆ ಹೆಚ್ಚಾದ್ರ ಸೊಕ್ಕು ಇಲ್ಲದ ಬೀಳ್ತೈತಿ.

ಮದ್ದು ದುಪ್ಪಟ್ಟು ಹಾಕಿದ್ರ ಗುಂಡು ದುಪ್ಪಟ್ಟು ದೂರ ಹೋದೀತು ಅನ್ನೋದು ಹೊಸಬರ ಎಣಿಕಿ. ಹೋಗಂಗಿಲ್ಲ. ವೇಗ ದುಪ್ಪಟ್ಟಾಗಬೇಕಾದ್ರ ಶಕ್ತಿ ನಾಕು ಪಟ್ಟು ಬೇಕು. ಅದೂ ಅಲ್ಲದ ದುಂಡನೆ ಗುಂಡು ಗಾಳಿ ಸೀಳಾಕ ಬಾಳ ಕೆಟ್ಟ ಆಕಾರ, ಎಷ್ಟು ಜೋರು ಹೊಂಟೀತೋ ಅಷ್ಟು ಬೇಗ ದಣೀತೈತಿ. ಒಂದು ಮಿತಿ ದಾಟಿದ ಮ್ಯಾಲೆ ಹಾಕಿದ ಮದ್ದು ನಳಿಗಿ ಒಳಗ ಉರಿಯೋಕ ಪುರಸೊತ್ತಿಲ್ಲದ ಬಾಯಿ ಹೊರಗ ಬೆಂಕಿಯಾಗಿ ಹೋಗ್ತೈತಿ. ಭುಜಕ್ಕ ಒದಿ ಹೆಚ್ಚು, ಕಣ್ಣು ಮುಚ್ಚೋದು ಹೆಚ್ಚು, ಗುರಿ ಕಮ್ಮಿ. ಹಳೇ ಬೇಟಿಗಾರರು ನಳಿಗಿ ಮುಂದ ನೆಲಕ್ಕ ಬಿಳಿ ಬಟ್ಟಿ ಹಾಸಿ ಈಡು ಹೊಡೆದು, ಬಟ್ಟಿ ಮ್ಯಾಲೆ ಸುಡದ ಮದ್ದಿನ ಕಾಳು ಬಿದ್ದಾವೇನು ಅಂತ ನೋಡ್ತಿದ್ರು. ಬಿದ್ದಿದ್ರ ಮುಂದಿನ ಬಾರಿಗೆ ಅಷ್ಟು ಕಡಿಮಿ. ಕಮ್ಮಿಯಿಂದ ಸುರು ಮಾಡಿ, ಒಂದ ಗುರಿಗೆ ಮೂರು ಮೂರು ಈಡು ಹೊಡೆದು, ಮೂರೂ ಒಂದು ಅಂಗೈಯಗಲದಾಗ ಬೀಳೋ ಅಳತಿ ಸಿಕ್ಕಿತೋ, ಅದ ಆ ತುಪಾಕಿಯ ಅಳತಿ. ಪಕ್ಕದ ಮನಿ ತುಪಾಕಿಗೆ ಅದು ಒಗ್ಗಂಗಿಲ್ಲ.

ಈ ವಿದ್ಯೆ ನಮ್ಮ ಸೀಮಿಗೆ ನಿನ್ನೆ ಮೊನ್ನೆ ಬಂದದ್ದಲ್ಲ. ಹಂಪಿಯ ಮಹಾನವಮಿ ದಿಬ್ಬದ ಕಲ್ಲಿನ್ಯಾಗ ಬೇಟೆಯ ಚಿತ್ರ ಅದಾವ, ಜಿಂಕಿ ಅದಾವ. 1520ರ ಸುಮಾರಿಗೆ ಬಂದ ಪೋರ್ಚುಗೀಸ ಡೊಮಿಂಗೊ ಪಾಯೆಸ್ ಮಹಾನವಮಿ ಕಡೀಕ ಕೃಷ್ಣದೇವರಾಯ ದಂಡು ನೋಡಿದ್ದನ್ನ ಬರೆದಿದ್ದಾನೆ. ದಪ್ಪನೆ ಅಂಗಿ ತೊಟ್ಟ ತುಪಾಕಿ ಮಂದಿ ಆ ಸಾಲಿನಾಗ ಇದ್ದರು, ಈ ಆಯುಧ ಇಷ್ಟು ಚೆನ್ನಾಗಿ ಬಲ್ಲವರು ಇಲ್ಲಿ ಇದ್ದಾರಲ್ಲ ಅಂತ ಆತ ಬೆರಗಾದ. ಅಂದ್ರ ಐನೂರು ವರ್ಷದ ಹಿಂದೆ ನಮ್ಮೂರಿಂದ ಒಂದು ಹಗಲಿನ ನಡಿಗಿ ದೂರದಾಗ ಮದ್ದು ಅಳೆದು ತುಂಬೋ ಕೈಗಳು ಇದ್ದವು.

ಅದ 1520ರಾಗ ರಾಯಚೂರಿನ ಕೋಟಿ ಮುತ್ತಿಗಿ. ಆಗಿನ ತುಪಾಕಿಗೆ ಕೇಪು ಇಲ್ಲ, ಹೊತ್ತಿಸಿದ ಬತ್ತಿ ತಾಕಿಸೋ ಜಾಮಗಿ ತುಪಾಕಿ. ಕೋಟಿ ಕಲ್ಲು ಕೀಳಾಕ ಹೋದ ರಾಯನ ಮಂದಿಗೆ ಮ್ಯಾಲಿಂದ ಕಲ್ಲು, ಬಾಣ ಬೀಳ್ತಿದ್ದವು. ಕ್ರಿಸ್ತೊವಾವೊ ಡಿ ಫಿಗೆರೆದೊ ಅನ್ನೋ ಪೋರ್ಚುಗೀಸ ತನ್ನ ಸಂಗಟದ ಕೆಲವೇ ತುಪಾಕಿಗಾರರನ್ನ ಕರಕೊಂಡು, ಗ್ವಾಡಿ ಮ್ಯಾಲೆ ತಲಿ ಎತ್ತಿದವರನ್ನ ಒಬ್ಬೊಬ್ಬರನ್ನಾಗಿ ಹೊಡೆದ. ಕಡೀಕ ಕೋಟಿಯ ಅಧಿಕಾರಿ ಹಣಿಕಿ ನೋಡುವಾಗ ಹಣಿಗೇ ಗುಂಡು ಬಡಿದು ಸತ್ತ, ಕೋಟಿ ಶರಣಾತು. ಇದನ್ನ ಬರೆದವ ಇನ್ನೊಬ್ಬ ಪೋರ್ಚುಗೀಸ, ಫರ್ನಾವ್ ನೂನಿಜ್. ಆತ ತನ್ನ ದೇಶದವರನ್ನ ಹೊಗಳಿದ್ದು ಹೆಚ್ಚಿದ್ದೀತು. ಆದ್ರೂ ಆ ಕತಿಯೊಳಗ ಒಂದು ಮಾತು ಐತಿ. ಆ ಕೋಟಿ ಬಾಗಿಲಾಗ ಸಾವಿರಾರು ಮಂದಿಯ ಗದ್ದಲದ ನಡುವೆ ತೂಕ ಕಟ್ಟಿದ್ದು ಎಣಿಸಿ ಹೊಡೆದ ಕೆಲವ ಈಡು.

ಮದ್ದು ಎಲ್ಲಿಂದ ಬರ್ತಿತ್ತು? ಮುಕ್ಕಾಲು ಪಾಲಿನಷ್ಟು ಅದರಾಗ ಇರೋದು ಪೆಟ್ಲುಪ್ಪು. ನಮ್ಮ ಬಳ್ಳಾರಿ ಸೀಮಿ ಸವಳು ಮಣ್ಣಿಗೆ ಹೆಸರಾದದ್ದು. ಆ ಮಣ್ಣನ್ನ ನೀರಾಗ ಸೋಸಿ, ಕಾಸಿ, ಉಪ್ಪು ತೆಗೆಯೋದು ಉಪ್ಪಾರರ ಕಸುಬು. ಊಟದ ಉಪ್ಪು ತೆಗೆಯೋ ಕೈಯಾಗ ಪೆಟ್ಲುಪ್ಪೂ ತೆಗೀತಿದ್ರು. ಇದ್ದಿಲಿಗೆ ಹಗುರ ಕಟ್ಟಿಗಿ ಬೇಕು, ತೊಗರಿ ಕಟ್ಟಿಗಿ ಇದಕ್ಕ ಇಡೀ ದೇಶದಾಗ ಹೆಸರಾಗಿತ್ತು. ಗಂಧಕ ಮಾತ್ರ ನಮ್ಮ ಮಣ್ಣಾಗ ಸಿಗೋದಲ್ಲ, ಪ್ಯಾಟಿಯಿಂದ ಬರಬೇಕು. ಹಿಂಗ ಉಪ್ಪಾರರ ಭಟ್ಟಿ, ರೈತನ ತೊಗರಿ ಹೊಲ, ಸೆಟ್ಟರ ಅಂಗಡಿ, ಬೇಡರ ಕೈ, ಇಷ್ಟು ಮನಿ ಸೇರಿದ್ರ ಒಂದು ಬಾರು. ಈ ಮೂರನ್ನ ಒಣಾ ಪುಡಿಯಾಗಿ ಬೆರೆಸಿಟ್ರ ಗಾಡಿಯಾಗ ಕುಲುಕಿ ಕುಲುಕಿ ತೂಕದ್ದು ಕೆಳಗ, ಹಗುರದ್ದು ಮ್ಯಾಲೆ ಬರ್ತೈತಿ, ಆಗ ಯಾವ ಅಳತಿಯೂ ನಂಬಿಗಿ ಇಲ್ಲ. ಅದಕ್ಕ ಮದ್ದನ್ನ ಹಸಿ ಮಾಡಿ, ರವಿ ಹಂಗ ಕಾಳು ಕಟ್ಟಿಸಿ, ಜರಡಿ ಹಿಡಿದು ಒಣಗಿಸೋ ಪದ್ಧತಿ ಬಂತು. ಚಿರೋಟಿ ರವಿಯಂಥ ಸಣ್ಣ ಕಾಳು ಬೇಗ ಉರೀತೈತಿ, ಅದು ಕಿವಿಯ ಹತ್ರ ಹಾಕೋ ರಂಜಕಕ್ಕ. ಬನ್ಸಿ ರವಿಯಂಥ ದಪ್ಪ ಕಾಳು ನಿಧಾನ, ಅದು ದೊಡ್ಡ ನಳಿಗಿಗೆ, ತೋಪಿಗೆ. ಒಂದ ಕೊಳವಿಯಾಗ ದಪ್ಪ ಕಾಳಿನ ಬದಲಿ ಸಣ್ಣ ಕಾಳು ಅಳೆದು ಹಾಕಿದ್ರ ನಳಿಗಿ ಒಡೆದೀತು. ಅಳತಿ ಅಂದ್ರ ಎಷ್ಟು ಅನ್ನೋದಷ್ಟ ಅಲ್ಲ, ಎಂಥಾದ್ದು ಅನ್ನೋದೂ ಹೌದು.

ವಿಜಯನಗರ ಬಿದ್ದ ಮ್ಯಾಲೆ ಈ ಸೀಮಿ ಪಾಳೇಗಾರರ ಕೈಯಾಗ. ಹರಪನಹಳ್ಳಿ, ಜರಿಮಲಿ, ಗುಡೇಕೋಟಿ, ಇವೆಲ್ಲಾ ಬೇಡ ನಾಯಕರ ಮನಿತನ. ತುಪಾಕಿ ಹಿಡಿದ ಆಳಿಗೆ ಮಾನ್ಯದ ಹೊಲ, ಹಬ್ಬಕ್ಕ ಬಟ್ಟಿ. 1800ರಾಗ ನಿಜಾಮ ಬಳ್ಳಾರಿ ಸೀಮಿಯನ್ನ ಕುಂಪಣಿಗೆ ಬಿಟ್ಟುಕೊಟ್ಟ. ಥಾಮಸ್ ಮನ್ರೊ ಕಲೆಕ್ಟರ್ ಆಗಿ 1807ರ ತನಕ ಇದ್ದ. ಬಿಟ್ಟುಕೊಟ್ಟ ಸೀಮಿಯ ಎಂಬತ್ತರಷ್ಟು ಪಾಳೇಗಾರರ ದಂಡನ್ನ ಮುರಿದು, ಕೆಲವರಿಗೆ ಪಿಂಚಣಿ ಕಟ್ಟಿ, ಕೋಟಿ ಬಾಗಿಲು ತೆಗೆಸಿದ. ರೈತವಾರಿ ಕಂದಾಯದ ಮನ್ರೊ ಅಂತ ನಾವು ಓದಿರ್ತೀವಿ. ಕಂದಾಯ ಅಳೆಯೋಕ ಮುಂಚೆ ಆತ ತುಪಾಕಿ ಎಣಿಸಿದ್ದ.

ಇನ್ನ 1857. ಅದರ ಕತಿ ಎಲ್ಲರಿಗೂ ಗೊತ್ತು, ಆದ್ರ ಮದ್ದಿನ ಅಳತಿ ಕಡಿಯಿಂದ ಒಮ್ಮೆ ನೋಡ್ರಿ. ಅದಕ್ಕ ಮುಂಚಿನ ಕುಂಪಣಿ ತುಪಾಕಿ ಬ್ರೌನ್ ಬೆಸ್. ನಳಿಗಿ ಅಗಲ ಸುಮಾರು 19 ಮಿಲಿಮೀಟರ್, ಗುಂಡು 17.5. ಇಷ್ಟು ಸಡಿಲ ಬೇಕಂತಲೇ ಬಿಟ್ಟಿದ್ದು, ಮಸಿ ಕಟ್ಟಿದ ಮ್ಯಾಲೂ ಸಿಪಾಯಿ ಬೇಗ ಬೇಗ ತುಂಬಲಿ ಅಂತ. ಫಲ ಏನಂದ್ರ ನೂರು ಮೀಟರ್ ಆಚೆ ಒಬ್ಬ ಮನಿಷಾನ್ನ ಗುರಿ ಇಟ್ಟು ಹೊಡೆಯೋದು ದೇವರ ಮ್ಯಾಲೆ ಭಾರ. ಆಮ್ಯಾಲೆ ಬಂತು 1853ರ ಎನ್‌ಫೀಲ್ಡ್. ನಳಿಗಿ ಒಳಗ ಸುರುಳಿ ಗೀರು, ಗುಂಡಿನ ಆಕಾರ ಮೊನಚು, ಹಿಂಭಾಗ ಟೊಳ್ಳು. ಮದ್ದು ಉರಿದಾಗ ಆ ಟೊಳ್ಳು ಅಗಲಾಗಿ ಗೀರಿಗೆ ಅಂಟಿಕೊಂಡು ತಿರುಗ್ತಾ ಹೊಂಡತೈತಿ. ಗುಂಡಿನ ತೂಕ 34 ಗ್ರಾಂ, ಮದ್ದು ಬರೀ ಎರಡೂವರಿ ಡ್ರಾಂ, ನಾಕೂವರಿ ಗ್ರಾಂ ಹತ್ರ. ಹಳೇ ತುಪಾಕಿಗಿಂತ ಎಷ್ಟೋ ಕಮ್ಮಿ ಮದ್ದು. ಆದ್ರ 250 ಮೀಟರ್ ಆಚೆ ಇದ್ದ ಮನಿಷಾನ್ನೂ ಮುಟ್ಟತಿತ್ತು. ಮದ್ದು ಕಮ್ಮಿ ಮಾಡಿ ದೂರ ಹೆಚ್ಚು ಮಾಡಿದ್ದು ಹಿಂಗ, ಸಂದು ಮುಚ್ಚಿ. ಅಜ್ಜ ಧೋತರದ ಅಂಚಿಲೆ ಮಾಡ್ತಿದ್ದ ಕೆಲಸಾನ ಇಲ್ಲಿ ಗುಂಡಿನ ಟೊಳ್ಳು ಮಾಡ್ತು. ಆ ಮದ್ದು, ಗುಂಡು ಅಳೆದು ಕಟ್ಟಿದ ಕಾಗದದ ಪೊಟ್ಟಣಕ್ಕ ಸವರಿದ ಕೊಬ್ಬು ಯಾವ ಪ್ರಾಣಿದು ಅನ್ನೋ ಸಂಶಯದಿಂದ ಎದ್ದ ಬೆಂಕಿ ಎಲ್ಲೀತನ ಹೋತು ಅನ್ನೋದು ಇತಿಹಾಸ.

ಆ ಬೆಂಕಿಗೆ ಹೆದರಿ ಸರ್ಕಾರ ಅದ ವರ್ಷ ಆಯುಧ ಒಪ್ಪಿಸೋ ಕಾಯ್ದೆ ತಂತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ಅವರ ಮನ್ಯಾಗ ಆಯುಧ ಅಂದ್ರ ಬರೀ ಕಬ್ಬಿಣ ಅಲ್ಲ, ಬೇಟಿಯ ಅನ್ನ, ಕಾವಲಿನ ಕೂಲಿ, ಮದುವಿಯಾಗಿನ ಮರ್ಯಾದಿ. ನವೆಂಬರ್ ಕಡೀಕ ದಂಡು ಬಂದು ಊರು ಸುಟ್ಟಿತು. ಡಿಸೆಂಬರ್‌ನಾಗ 19 ಮಂದಿಯನ್ನ ಗಲ್ಲಿಗೆ ಹಾಕಿದ್ರು, ಕೆಲವರನ್ನ ಮುಧೋಳದಾಗ, ಉಳಿದವರನ್ನ ಅವರ ಊರಾಗ, ಮನಿಮಂದಿ ಕಣ್ಣೆದುರು. ಆ ಲಾವಣಿ ನಮ್ಮ ಕಡೆ ಸಾಲಿ ಪುಸ್ತಕದಾಗೂ ಬಂದೈತಿ. ಮಕ್ಕಳು ಬಾಯಿಪಾಠ ಮಾಡ್ತಾರ, ಪರೀಕ್ಷಿಗೆ ಸಾರಾಂಶ ಬರೀತಾರ. ಕೇಳಬೇಕಾದ ಒಂದು ಮಾತು ಐತಿ: ಆಯುಧದ ಸಂಗಟ ಆ ಮನಿಗಳಿಂದ ಏನೇನು ಹೋತು? ಹೊಲ ಕಾಯೋ ದಾರಿ ಹೋತು, ಕಸುಬು ಹೋತು, ಮಗಗ ಕಲಿಸೋಕ ಅಪ್ಪನ ಕೈಯಾಗ ಇದ್ದದ್ದೊಂದು ಹೋತು.

ಅದ ಕಾಲಕ್ಕ ಆಚೆ ಕಡೆ ಬಿಳಿ ಬೇಟಿಗಾರರಿಗೆ ಮದ್ದಿನ ಅಳತಿ ಪುಸ್ತಕ ಬರೆಯೋ ವಿಷಯ ಆತು. ಮಧ್ಯಪ್ರಾಂತ್ಯದ ಕಾಡಿನಾಗ ಇದ್ದ ಜೇಮ್ಸ್ ಫೋರ್ಸೈತ್ ಅನ್ನೋ ಅಧಿಕಾರಿ 1863ರಾಗ ಬೇಟಿ ರೈಫಲ್ಲು, ಅದರ ಗುಂಡು ಇದರ ಮ್ಯಾಲೇ ಒಂದು ಪುಸ್ತಕ ಬರೆದ. ಹುಲಿಯಂಥಾ ಪ್ರಾಣಿಗೆ ದುಂಡನೆ ಗುಂಡು, ಭಾರೀ ಮದ್ದು ಬೇಕು ಅನ್ನೋದು ಅವನ ವಾದ. ಇದು ನಾನು ಇಲ್ಲೀತನ ಹೇಳಿದ್ದಕ್ಕ ಉಲ್ಟಾ ಅನಿಸ್ತೈತಲ್ಲ? ಪೂರ್ತಿ ಕೇಳ್ರಿ. ಭಾರೀ ಮದ್ದು ಹಾಕಿದ್ರ ದುಂಡನೆ ಗುಂಡು ಗೀರಿನ ಸುರುಳಿ ಹಿಡಿಯದ ನೆಟ್ಟಗ ಜಾರಿ ಬಂದು ಗುರಿ ಕೆಡಿಸ್ತೈತಿ ಅಂತ ಆತ ಕಂಡ. ಅದಕ್ಕ ಗೀರನ್ನ ಬಾಳ ನಿಧಾನ ತಿರುವಿಸಿದ, 104 ಇಂಚಿಗೆ ಒಂದ ಒಂದು ಸುತ್ತು. ಮದ್ದು ಹೆಚ್ಚು ಬೇಕಾದ್ರ ನಳಿಗಿಯನ್ನ ಮೊದಲು ಅದಕ್ಕ ತಕ್ಕಂಗ ಕಟ್ಟಸು, ಇದ್ದ ನಳಿಗಿಗೆ ಸುಮ್ಮನ ಸುರುವಬ್ಯಾಡ ಅನ್ನೋದು ಅದರ ಸಾರ. ಅಳತಿ ಇಲ್ಲೂ ತಪ್ಪಲಿಲ್ಲ.

1878ರ ಆಯುಧ ಕಾಯ್ದೆ ಈ ಎರಡು ಮನಿ ನಡುವೆ ಗೆರಿ ಎಳೀತು. ಫೋರ್ಸೈತನಂಥವರಿಗೆ ವಿನಾಯಿತಿ, ನಮ್ಮವರಿಗೆ ಲೈಸೆನ್ಸು. ಮದ್ದು ಕೊಳ್ಳೋಕೂ ಪುಸ್ತಕ, ಇಟ್ಟುಕೊಳ್ಳೋಕೂ ಮಿತಿ. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಾಗ ಇತ್ತು, ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ ಒಂದಕ್ಕ. ಸ್ವತಂತ್ರ ಬಂದ ಮ್ಯಾಲೆ ಬಂದ 1959ರ ಕಾಯ್ದೆಯಾಗ ಒಂದು ಸಾಲು ನಮ್ಮಂಥಾ ಮನಿಗೆ ಅಂತ ಬರೆದಂಗ ಐತಿ. ಬೆಳಿ ಕಾಯಾಕ ನಿಜವಾಗಿ ಬೇಕಾದವರಿಗೆ ಬಾಯಿಲಿಂದ ತುಂಬೋ ತುಪಾಕಿಗೆ ಲೈಸೆನ್ಸ್ ಕೊಡಬೇಕು ಅಂತ. ನಮ್ಮ ಅಜ್ಜನ ಪುಸ್ತಕದಾಗೂ ಕಾರಣ ಅಂತ ಬರೆದಿದ್ದು ಬೆಳಿ ರಕ್ಷಣಿ. ಎಲೆಕ್ಷನ್ ಬಂತಂದ್ರ ತುಪಾಕಿ ಗೋಣಿಚೀಲದಾಗ ಸುತ್ತಿ ಠಾಣಿಗೆ ಇಟ್ಟು ರಸೀದಿ ತರೋದು, ಫಲಿತಾಂಶ ಆದ ಮ್ಯಾಲೆ ತರೋದು. ಮಹಾನವಮಿಗೆ ಕುಂಕುಮ ಹಚ್ಚಿ ಕುಡಗೋಲು, ಕೂರಿಗಿ ಸಂಗಟ ಸಾಲಾಗ ಇಡೋದು. ಮನಿ ಸಾಮಾನಿನಾಗ ಅದೂ ಒಂದು.

1972ರಾಗ ವನ್ಯಜೀವಿ ಕಾಯ್ದೆ ಬಂತು, 1991ರ ತಿದ್ದುಪಡಿ ಮ್ಯಾಲೆ ಬೇಟಿಗೆ ಇದ್ದ ಲೈಸೆನ್ಸಿನ ದಾರಿಯೂ ಮುಚ್ಚಿತು. ಜೀವಕ್ಕೋ ಬೆಳಿಗೋ ಅಪಾಯ ಅಂತ ಅಧಿಕಾರಿ ಬರೆದುಕೊಟ್ಟ ಅಪ್ಪಣಿ ಇಲ್ಲದ ಹಂದಿಗೂ ಕೈ ಎತ್ತೋ ಹಂಗಿಲ್ಲ. 1994ರಾಗ ನಮ್ಮ ಪಕ್ಕದ ದರೋಜಿ ಗುಡ್ಡ ಕರಡಿಧಾಮ ಆತು, ಮೊದಲು 5,587 ಹೆಕ್ಟೇರು, ಆಮ್ಯಾಲೆ ಇನ್ನೂ ಹಬ್ಬಿಸಿದ್ರು. ಇವತ್ತು ಮಧ್ಯಾಹ್ನ ಬಂಡಿ ಮ್ಯಾಲೆ ಸವರಿದ ಬೆಲ್ಲದ ಪಾಕ ನೆಕ್ಕಾಕ ಬರೋ ಕರಡಿ ನೋಡಾಕ ದೂರದೂರದಿಂದ ಮಂದಿ ಬರ್ತಾರ. ನಾನೂ ಮಕ್ಕಳನ್ನ ಕರಕೊಂಡು ಹೋಗೀನಿ. ಅಜ್ಜನ ಕಾಲದಾಗ ಆ ಪ್ರಾಣಿ ಅಂದ್ರ ಮುಖ ಕೀಳೋ ಭಯ ಒಂದ. ಈಗ ಮರಿ ಬೆನ್ನ ಮ್ಯಾಲೆ ಕೂಡಿಸಿಕೊಂಡು ಬರೋ ತಾಯಿ ನೋಡಿ ಮಕ್ಕಳು ಕೈ ತಟ್ಟತಾರ. ಈ ಬದಲಾವಣಿ ಒಳ್ಳೇದಾತು.

ಕೊಡಗಿನಾಗ ಮಾತ್ರ ಕತಿ ಬ್ಯಾರೆ. ಅಲ್ಲಿ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಬಂದ ಲೈಸೆನ್ಸಿನ ವಿನಾಯಿತಿ ಇನ್ನೂ ಐತಿ. 2019ರಾಗ ಕೇಂದ್ರ ಸರ್ಕಾರ ಅದನ್ನ 2029ರ ತನಕ ಮುಂದುವರಿಸಿತು, 2021ರಾಗ ಹೈಕೋರ್ಟೂ ಎತ್ತಿ ಹಿಡೀತು. ಕೈಲ್‌ಪೊಳ್ದ್ ಹಬ್ಬಕ್ಕ ಕೋವಿ ಪೂಜಿ ಮಾಡಿ, ತೆಂಗಿನಕಾಯಿಗೆ ಗುರಿ ಇಟ್ಟು ಹೊಡೀತಾರ. ಬೇಟಿ ನಿಂತ್ರೂ ಗುರಿ ಕಲಿಯೋದು ಅವರಲ್ಲಿ ಹಬ್ಬವಾಗಿ ಉಳೀತು. ನಮ್ಮಲ್ಲಿ ಹಂಗ ಉಳಿಯಾಕ ಒಂದು ತೆಂಗಿನಕಾಯಿಯೂ ಇರಲಿಲ್ಲ.

ಹಂಗಾದ್ರ ನಮ್ಮಲ್ಲಿ ಏನು ಉಳೀತು? ಅಳತಿ ಇಲ್ಲದ ಮದ್ದು. ಸಿಡಿಮದ್ದು ಅಂತ ಕೇಳಿರ್ತೀರಿ. ತಿನ್ನೋ ವಸ್ತುವಿನಾಗ ಸ್ಫೋಟಕ ಅಡಗಿಸಿ ಹಂದಿ ಬರೋ ದಾರ್‍ಯಾಗ ಇಡೋದು. ಕಚ್ಚಿದ ಪ್ರಾಣಿಯ ದವಡಿ ಹಾರತೈತಿ. ಅದಕ್ಕ ಗುರಿ ಇಲ್ಲ, ದೂರ ಇಲ್ಲ, ನೋಡೋ ಕಣ್ಣಿಲ್ಲ. ಹಂದಿಗೆ ಇಟ್ಟದ್ದನ್ನ ಆಕಳು ತಿಂತೈತಿ, ನಾಯಿ ತಿಂತೈತಿ, ಆಡೋ ಹುಡುಗ ಕೈಗೆ ತಗೊಂತಾನ. 2020ರಾಗ ಕೇರಳದ ಪಾಲಕ್ಕಾಡ್ ಕಡೆ ಬಸುರಿ ಆನಿಯೊಂದು ಇಂಥಾದ್ದು ಕಚ್ಚಿ, ನೀರಾಗ ನಿಂತು ಸತ್ತದ್ದನ್ನ ಇಡೀ ದೇಶ ನೋಡ್ತು. ದರೋಜಿಯ ಕರಡಿಗೆ ಮೂಗು ಬಾಳ ಚುರುಕು, ಸಿಹಿ ಅಂದ್ರ ಪ್ರಾಣ. ಅದರ ಗುಡ್ಡದ ಬುಡಕ್ಕ ನಮ್ಮ ಹೊಲ. ಎಣಿಸಿ ನೋಡ್ರಿ.

ನನ್ನ ವಾದ ಇಷ್ಟ. ಒಂದ ಈಡಿನ ತುಪಾಕಿ ಹಿಡಿದವ ಹೊಡೆಯೋ ಮುಂಚೆ ನಾಕು ಸಲ ವಿಚಾರ ಮಾಡಬೇಕಿತ್ತು, ಯಾಕಂದ್ರ ಆತ ಅಲ್ಲೇ ನಿಂತಿರ್ತಿದ್ದ, ತಪ್ಪಿದ್ರ ತನ್ನ ಮೈಗೇ. ಸಿಡಿಮದ್ದು ಇಟ್ಟವ ಮನ್ಯಾಗ ಮಲಗಿರ್ತಾನ. ಸರ್ಕಾರ ತುಪಾಕಿ ಎಣಿಸ್ತು, ಮದ್ದು ಎಣಿಸ್ತು. ಹೊಲ ಕಾಯೋನ ಕಷ್ಟ ಎಣಿಸಲಿಲ್ಲ. ಬೆಳಿ ಪರಿಹಾರದ ಅರ್ಜಿ, ಫೋಟೋ, ಪಂಚನಾಮಿ, ಇದರಾಗ ಹಂಗಾಮು ಮುಗೀತೈತಿ. ಆ ಸಂದಿನಾಗ ಸಿಡಿಮದ್ದು ನುಗ್ಗಿತು. ಗುಂಡಿಗೂ ನಳಿಗಿಗೂ ನಡುವೆ ಸಂದು ಬಿಟ್ರ ಗುರಿ ಕೆಡೋ ಹಂಗ ಕಾಯ್ದೆಗೂ ಹೊಲಕ್ಕೂ ನಡುವೆ ಸಂದು ಬಿಟ್ರ ಇಂಥಾದ್ದ ಆಗೋದು. ತುಪಾಕಿ ತಿರುಗಿ ಕೊಡ್ರಿ ಅಂತ ನಾನು ಕೇಳಂಗಿಲ್ಲ. ಸೋಲಾರ್ ಬೇಲಿಗೆ ನೆರವು, ಹಂಗಾಮಿನಾಗ ಕಾವಲಿಗೆ ಕೂಲಿ, ಪರಿಹಾರ ಸುಗ್ಗಿಯೊಳಗ ಕೈಗೆ, ಇಷ್ಟು ಕೊಟ್ರ ಸಾಕು.

ನಮ್ಮ ಮನ್ಯಾಗ ಅಜ್ಜ ತೀರಿಕೊಂಡ ಮ್ಯಾಲೆ ಲೈಸೆನ್ಸ್ ಯಾರ ಹೆಸರಿಗೆ ಅನ್ನೋ ಮಾತು ಬಂತು. ಕಾಕಾ ತನ್ನ ಹೆಸರಿಗೆ ಆಗಲಿ ಅಂದ, ಮನಿತನದ ಗುರುತು ಅಂತ. ಅಪ್ಪ ಬ್ಯಾಡ ಅಂದ. “ಅದನ್ನ ಅಳೆದು ತುಂಬೋ ಕೈ ಮಣ್ಣಾಗ ಹೋತು. ನಮಗ ಬರಂಗಿಲ್ಲ. ಬರದ ಮದ್ದು ಮನ್ಯಾಗ ಇಟ್ಟುಕೊಂಡು ಏನು ಮಾಡ್ತಿ?” ಅಂದ. ಎರಡು ತಿಂಗಳು ಇಬ್ಬರೂ ಸರಿಯಾಗಿ ಮಾತಾಡಲಿಲ್ಲ. ಕಡೀಕ ಕಾಕಾನೇ ಅದನ್ನ ಸುತ್ತಿಕೊಂಡು ಹೋಗಿ ಠಾಣಿಗೆ ಒಪ್ಪಿಸಿ ಬಂದ, ಈ ಸಲದ ರಸೀದಿ ತಿರುಗಿ ತರೋದಕ್ಕಲ್ಲ.

ಓದೋರಾಗ ಯಾರ ಮನಿ ಅಟ್ಟದಾಗಾದ್ರೂ, ಮುತ್ತಜ್ಜನ ಪೆಟಗಿಯಾಗಾದ್ರೂ ಇಂಥಾ ತುಪಾಕಿ ಇದ್ರ ಒಂದು ಮಾತು ತಲ್ಯಾಗ ಇಟಗೋರಿ. ಕರಿಮದ್ದು ಒಣಗಿದ್ರ ಹತ್ತಾರು ವರ್ಷ ಆದ್ರೂ ಸಾಯಂಗಿಲ್ಲ. ಎಷ್ಟೋ ಹಳೇ ತುಪಾಕಿ ಬಾರು ತುಂಬಿದ್ದಂಗ ಮೂಲಿಗೆ ನಿಂತಿರ್ತಾವ, ತುಂಬಿದವ ಸತ್ತು ಒಂದು ತಲಿಮಾರಾಗಿರ್ತೈತಿ. ಮಕ್ಕಳ ಕೈಗೆ ಆಡಾಕ ಕೊಡಬ್ಯಾಡ್ರಿ, ಗ್ವಾಡಿಗೆ ಅಲಂಕಾರಕ್ಕ ತೂಗಬ್ಯಾಡ್ರಿ, ಬೆಂಕಿ ಹತ್ರ ಇಡಬ್ಯಾಡ್ರಿ. ನಳಿಗಿ ಬರಿದೈತೋ ತುಂಬೈತೋ ನೋಡೋ ದಾರಿ ಹಳಬರಿಗೆ ಗೊತ್ತಿತ್ತು. ಗಜ ಒಳಗ ಇಳಿಸಿ, ಬಾಯಿ ಹತ್ರ ಗುರುತು ಹಾಕಿ, ಹೊರಗ ತೆಗೆದು ನಳಿಗಿಯ ಪಕ್ಕಕ್ಕ ಹಿಡಿಯೋದು. ಹಿಂದಿನ ಕಿವಿ ಮಟ ಮುಟ್ಟಿದ್ರ ಬರಿದು, ನಾಕು ಬೆರಳು ಕಮ್ಮಿ ಬಂದ್ರ ಒಳಗ ಬಾರು ಐತಿ. ಆದ್ರ ಈ ಕೆಲಸಕ್ಕೂ ನೀವ ಕೈ ಹಾಕಬ್ಯಾಡ್ರಿ. ಬಾಯಿ ಯಾರ ಕಡೀಗೂ ಇರದಂಗ ಅಲ್ಲೇ ಬಿಟ್ಟು, ಹತ್ತಿರದ ಠಾಣಿಗೆ ತಿಳಿಸ್ರಿ, ಬಲ್ಲವರು ಬಂದು ನೋಡಲಿ.